ಬೇರಿನವ್ವನ ಬೋರ್ಡು

ಸಾವಿರದ ಒಂಬೈನೂರ ನಲವತ್ತಾರನೇ ಇಸವಿ, ಮಾರ್ಗಶಿರ ಮಾಸ, ಹೊಸೂರಿನ ಸಂತೆಯ ದಿನ. ಬೆಳಗಿನ ಆರು ಗಂಟೆ. ಹಾಜರಿದ್ದವರು: ನಾನು, ನನ್ನ ಹೆಂಡತಿ, ಅವಳ ತಂದೆ. ಅವರು ನನಗೆ ಸೋದರಮಾವನೂ ಹೌದು. ಬಾಗಿಲ ಹೊರಗೆ ಅವರ ಎತ್ತಿನ ಗಾಡಿ ನಿಂತಿತ್ತು.

ಯಾವ ದಿನವನ್ನು ನೆನೆದರೂ ಹೀಗೆ ಹಾಜರಿ ಹಾಕಿಯೇ ಶುರು ಮಾಡುವುದು ಪಟಾಲಮ್ಮಿನಲ್ಲಿ ಬಿದ್ದ ಅಭ್ಯಾಸ. ನಮ್ಮ ಕಡೆ ಸೈನ್ಯಕ್ಕೆ ಪಟಾಲಂ ಎಂದೇ ಹೆಸರು. ಯುದ್ಧದ ಕಾಲದಲ್ಲಿ ಐದು ವರ್ಷ ಸೈನ್ಯದ ವರ್ಕ್‌ಶಾಪಿನಲ್ಲಿ ಅಕ್ಷರ ಬರೆಯುವ ಕೆಲಸ ನನ್ನದು. ಲಾರಿಗಳ ಮೇಲೆ ನಂಬರು, ಉಗ್ರಾಣದ ಬಾಗಿಲ ಮೇಲೆ ಹೆಸರು, ದಾರಿ ತೋರಿಸುವ ಹಲಗೆ, ಏನು ಹೇಳಿದರೆ ಅದು. ಎದ್ದ ಮೇಲೆ ಹಾಸಿಗೆ ಮಡಿಸದೆ ನೀರು ಕುಡಿಯುವಂತಿಲ್ಲ, ಕುಂಚ ತೊಳೆಯದೆ ಊಟಕ್ಕೆ ಹೋಗುವಂತಿಲ್ಲ. ಯುದ್ಧ ಮುಗಿದು ಊರಿಗೆ ಬಂದ ಮೇಲೆ ಆ ಅಭ್ಯಾಸಗಳೂ ಒಂದು ಒಳ್ಳೆಯ ಅಳಿಲುಕೂದಲ ಕುಂಚವೂ ನನ್ನ ಜೊತೆ ಬಂದವು. ಇವೆರಡನ್ನು ನಂಬಿ ಹೊಸೂರಿನ ಪೇಟೆಯ ಹಿಂದಿನ ಓಣಿಯಲ್ಲಿ ಒಂದು ಕೋಣೆ ಹಿಡಿದು, ಅಂಗಡಿಗಳಿಗೆ ಬೋರ್ಡು ಬರೆದುಕೊಟ್ಟು ಬದುಕುತ್ತೇನೆ ಎಂದು ಹೆಂಡತಿಯನ್ನು ಕರೆತಂದಿದ್ದೆ.

ಬೋರ್ಡು ಬರೆಸುವವರು ಮಾತ್ರ ಒಬ್ಬರೂ ಸಿಕ್ಕಿರಲಿಲ್ಲ.

ಪ್ರಯತ್ನದಲ್ಲಿ ಕೊರತೆ ಇರಲಿಲ್ಲ. ದಿನಾ ಬೆಳಿಗ್ಗೆ ಅಂಗಡಿಗಳ ಬಾಗಿಲು ತೆಗೆಯುವ ಹೊತ್ತಿಗೆ, ಮಾದರಿಗೆಂದು ಬರೆದ ಹಲಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಪೇಟೆ ಬೀದಿಯ ಈ ತುದಿಯಿಂದ ಆ ತುದಿಗೆ ಹೋಗುತ್ತಿದ್ದೆ. ಅದು ಸೈನ್ಯದ ಅಕ್ಷರ; ನೆಟ್ಟಗೆ, ದಪ್ಪಕ್ಕೆ, ಕಪ್ಪಗೆ. ಅದನ್ನು ನೋಡಿದ ಕೂಡಲೇ ಬೆಲ್ಲದ ಮಂಡಿಯ ಯಜಮಾನ ಎದ್ದು ನಿಂತುಬಿಟ್ಟಿದ್ದ. ರೇಷನ್ ಇಲಾಖೆಯವರು ಏನೋ ನೋಟೀಸು ತಂದಿದ್ದಾರೆ ಎಂದುಕೊಂಡನಂತೆ. ವಿಷಯ ತಿಳಿದ ಮೇಲೆ ಕೂತು ನಕ್ಕ. "ನಮ್ಮಪ್ಪನ ಕಾಲ್ದಿಂದ ಇಲ್ಲೇ ಬೆಲ್ಲ ಮಾರ್ತಾ ಇವ್ನಿ. ನೊಣಗೊಳ್ಗೂ ಗೊತ್ತು ಈ ಅಂಗ್ಡಿ. ಬೋರ್ಡು ಯಾಕಪ್ಪಾ?" ಉಳಿದವರ ಉತ್ತರವೂ ಹೆಚ್ಚುಕಡಿಮೆ ಇದೇ.

ಖರ್ಚಿನಲ್ಲಿ ಬಹಳ ಹಿಡಿತ. ಹಲಗೆ ಕೊಳ್ಳಲು ಆಗುತ್ತಿರಲಿಲ್ಲವೆಂದು ಹಳೆಯ ಡಬ್ಬಗಳನ್ನು ಬಿಚ್ಚಿ, ತಟ್ಟಿ, ತಗಡು ಮಾಡಿಕೊಳ್ಳುತ್ತಿದ್ದೆ. ಕಪ್ಪು ಬಣ್ಣಕ್ಕೆ ದೀಪದ ಕಾಡಿಗೆಯನ್ನು ಅಗಸೆ ಎಣ್ಣೆಯಲ್ಲಿ ಅರೆಯುವುದು. ಕೆಂಪು ಬೇಕಾದರೆ ಗಾಡಿ ಚಕ್ರ ಮಾಡುವವರು ಬಳಿದು ಉಳಿಸಿದ್ದು. ಬಣ್ಣ ತೆಳುಮಾಡುವುದಕ್ಕೂ ಕುಂಚ ತೊಳೆಯುವುದಕ್ಕೂ ಸೀಮೆಎಣ್ಣೆಯೇ ಆಗಬೇಕು. ಅದು ರೇಷನ್ನಿನಲ್ಲಿ ಬರುತ್ತಿದ್ದ ಕಾಲ. ಮನೆಗೆ ಬಂದ ಎಣ್ಣೆಯಲ್ಲಿ ಅರ್ಧವನ್ನು ನನ್ನ ಹೆಂಡತಿ ಕೇಳದೆಯೇ ನನ್ನ ಬಾಟಲಿಗೆ ಸುರಿಯುತ್ತಿದ್ದಳು. ಹಾಗಾಗಿ ನಮ್ಮ ಮನೆಯಲ್ಲಿ ಕತ್ತಲಾಗುವ ಮುಂಚೆಯೇ ಊಟ. ದೀಪ ಹಚ್ಚುವುದು ಅಪರೂಪ. "ಮುದ್ದೆ ಎಲ್ಲೈತೆ ಅಂತ ಬಾಯ್ಗೆ ಗೊತ್ತು ಬಿಡಿ ಬಾವಾ" ಎನ್ನುತ್ತಿದ್ದಳು.

ಆ ಬೆಳಿಗ್ಗೆ ಮಾವ ಜವಳಗಿರಿಯಿಂದ ಇದ್ದಲು ಹೇರಿಕೊಂಡು ಬಂದಿದ್ದರು. ಮೂಲೆಯಲ್ಲಿ ಒರಗಿಸಿದ್ದ ಖಾಲಿ ತಗಡುಗಳನ್ನು ನೋಡಿದರು, ಮಗಳ ಮುಖ ನೋಡಿದರು, ಮೊಣಕಾಲು ಒತ್ತಿಕೊಳ್ಳುತ್ತ ಹೊಸ್ತಿಲ ಮೇಲೆ ಕೂತರು.

"ನೋಡ್ಲಾ ಅಳಿಯಾ, ನಾಟ್ರಾಂಪಾಳ್ಯದ ಕಾಡಾಗೆ ಬಿದಿರು ಕಡಿಸೋ ಗುತ್ತಿಗೆದಾರ ಒಬ್ಬವ್ನೆ. ಲೆಕ್ಕ ಬರ್ದು ಮಾಲು ಕಾಯೋಕೆ ಆಳು ಬೇಕಂತೆ. ನಿನ್ನ ಇಸ್ಯ ಏಳಿವ್ನಿ. ಊಟ ಅಲ್ಲೇ, ಗುಡಿಸ್ಲು ಅಲ್ಲೇ. ಸಂತೆ ಮುಗಿಸ್ಕೊಂಡು ಸಂಜೇಗೆ ಗಾಡಿ ಕಟ್ತೀನಿ. ಎದ್ದು ಬಾ."

"ಇವಳು?" ಎಂದೆ.

"ಕಾಡಾಗೆ ಹೆಂಗ್ಸು ಎಂಗಿರ್ತಾಳ್ಲಾ? ನಮ್ಮನೇಗೆ ಬತ್ತಾಳೆ. ನೀನು ಅಬ್ಬಕ್ಕೆ ಉಣ್ಣಿಮೆಗೆ ಬಂದೋಗು."

ನನ್ನ ಹೆಂಡತಿ ಒಲೆಯ ಕಡೆ ತಿರುಗಿಕೊಂಡಳು. ಮದುವೆಯಾದ ವರ್ಷವೇ ನಾನು ಪಟಾಲಮ್ಮಿಗೆ ಸೇರಿದ್ದೆ. ಅಷ್ಟು ವರ್ಷ ಅವಳು ತಂದೆಯ ಮನೆಯಲ್ಲಿ ಕಾದಿದ್ದಳು. ನಾವು ಒಂದು ಸೂರಿನಡಿ ಸಂಸಾರ ಹೂಡಿ ಇನ್ನೂ ಕೆಲವು ತಿಂಗಳು ಮಾತ್ರ ಆಗಿತ್ತು. ಈಗ ಮತ್ತೆ ಅವಳೊಂದು ಕಡೆ, ನಾನೊಂದು ಕಡೆ.

"ಒಂದು ಗಿರಾಕಿ ಸಿಕ್ಕರೆ?" ಎಂದು ಕೇಳಿದೆ.

ಮಾವ ಒರಟರಲ್ಲ. ಸ್ವಲ್ಪ ಯೋಚಿಸಿ, "ನೆಂಟ್ರಾಗಿರ್ಬಾರ್ದು. ನೀನೋಗಿ ಕಾಲು ಇಡ್ಕೊಂಡೋನೂ ಆಗಿರ್ಬಾರ್ದು. ತಾನಾಗೇ ಬಂದು 'ನಂಗೊಂದು ಬರ್ಕೊಡಪ್ಪಾ' ಅಂತ ಯಾವನಾನ ಕೇಳ್ದ ಅಂದ್ರೆ, ಖಾಲಿ ಗಾಡಿ ಓಡಿಸ್ಕೊಂಡು ಓಯ್ತೀನಿ" ಎಂದರು. ಹೇಳಿದವರೇ ನನ್ನ ಕಬ್ಬಿಣದ ಪೆಟ್ಟಿಗೆಯನ್ನೂ ಹಾಸಿಗೆ ಸುರುಳಿಯನ್ನೂ ಎತ್ತಿ ಗಾಡಿಗೆ ಇಟ್ಟುಕೊಂಡು ಸಂತೆಗೆ ಹೊರಟರು. ಸಂಜೆ ಅವಸರವಾಗದಿರಲಿ ಎಂದು.

ನನ್ನ ಆಸೆ ಇದ್ದದ್ದು ಒಂದೇ ಬೋರ್ಡಿನ ಮೇಲೆ. ಕೃಷ್ಣಗಿರಿ ರಸ್ತೆಯ ಹುಣಸೆಮರಗಳ ಸಾಲಿನಲ್ಲಿ, ಬಸ್ಸು ನಿಲ್ಲುವ ಜಾಗಕ್ಕೆ ಎದುರಾಗಿ, ಒಬ್ಬ ವಯಸ್ಸಾದ ಹೆಂಗಸು ಜಗಲಿಯ ಮೇಲೆ ನಾಟಿ ಔಷಧ ಕೊಡುತ್ತಿದ್ದರು. ಮನೆಮಾತು ತೆಲುಗು. ಪಂಡಿತರೆನಿಸಿದ್ದ ಗಂಡ ತೀರಿಕೊಂಡ ಮೇಲೆ, ಪಂಡಿತರೇ ಇಲ್ಲ, ಇನ್ನೇನು ಔಷಧ ಎಂದು ಜನ ಬರುವುದು ಕಡಿಮೆಯಾಗಿತ್ತು. ಬೇರು ಕಿತ್ತು, ಒಣಗಿಸಿ, ಕುಟ್ಟಿ, ಮಾತ್ರೆ ಉರುಳಿಸುವುದೆಲ್ಲ ಮೊದಲಿನಿಂದಲೂ ಆಕೆಯದೇ ಕೆಲಸವಾಗಿತ್ತು. ಅದು ಹೊರಗಿನವರಿಗೆ ಗೊತ್ತಿರಲಿಲ್ಲ. ಹಿಂದಿನ ವಾರ ನಾನೇ ಹೋಗಿ, ಪುಕ್ಕಟೆಯಾಗಿ ಬೋರ್ಡು ಬರೆದುಕೊಡುತ್ತೇನೆ, ಜನ ನೋಡಿ ಯಾರು ಬರೆದರೆಂದು ಕೇಳಿದರೆ ನನ್ನ ಓಣಿ ತೋರಿಸಿ ಎಂದು ಒಪ್ಪಿಸಿದ್ದೆ. ಆಕೆ 'ನಾಟು ಮಂದು' ಎಂದು ಬರೆ ಎಂದರು. ತೆಲುಗಿನಲ್ಲಿ ಮಂದು ಎಂದರೆ ಔಷಧ. ಅದನ್ನು ಕನ್ನಡಕ್ಕೆ ತಂದು 'ನಾಟಿ ಮದ್ದಿನ ಅಂಗಡಿ' ಎಂದು ಚೊಕ್ಕಟವಾಗಿ ಬರೆದು ಮೊಳೆ ಹೊಡೆದು ಬಂದಿದ್ದೆ.

ಸಂತೆಯ ದಿನ ಊರೆಲ್ಲ ಆ ದಾರಿಯಲ್ಲೇ ಬರುತ್ತದೆ. ಬೋರ್ಡಿನ ಕೆಳಗೆ ನಿಂತುಕೊಂಡರೆ ಯಾರಾದರೂ ಕೇಳಿಯೇ ಕೇಳುತ್ತಾರೆ ಎಂದು, ಕುಂಚ ಬಣ್ಣದ ಚೀಲ ಹೆಗಲಿಗೆ ಹಾಕಿಕೊಂಡು ಎಂಟರ ಒಳಗೆ ಅಲ್ಲಿಗೆ ಹೋದೆ. ಬೋರ್ಡು ಗೋಡೆಯ ಮೇಲಿರಲಿಲ್ಲ. ಅಕ್ಷರ ಕಾಣದಂತೆ ಮಕಾಡೆಯಾಗಿ ಜಗಲಿಯ ಮೇಲೆ ಬಿದ್ದಿತ್ತು. ಅದರ ಮೇಲೆ ಶುಂಠಿ ಒಣಗುತ್ತಿತ್ತು.

"ಏಮಿರಾ ಪಟಾಲಂ, ಬಂದ್ಯಾ?" ಎಂದರು ಜಗಲಿಯ ಮೇಲೆ ಕೂತಿದ್ದ ಅವ್ವ. "ಬಾ, ಕೂತ್ಕೋ. ಗನ್ನು ತಂದಿದ್ದೀಯಾ? ಮದ್ದು ನಮ್ಮಂಗ್ಡೀಲೇ ಐತಂತೆ."

ನನಗೆ ಅರ್ಥವಾಗಲಿಲ್ಲ.

"ಅರ್ಥ ಆಗ್ಲಿಲ್ವಾ? ಮೊನ್ನೆ ಒಬ್ಬ ಕಲ್ಲು ಒಡೆಯೋನು ಬಂದ. 'ಅವ್ವಾ, ಬಂಡೆ ಸಿಡ್ಸೋ ಮದ್ದು ಎಷ್ಟು ಕೊಡ್ತೀಯಾ' ಅಂದ. ಓಗ್ಲಿ, ಅವನು ಮರ್ಯಾದಸ್ಥ. ನಿನ್ನೆ ಒಬ್ಳು ಬಂದ್ಳು. ಸೆರಗಲ್ಲಿ ಬಾಯಿ ಮುಚ್ಕೊಂಡು, ಕಿವಿ ತಾವ ಬಂದು, 'ನಮ್ಮತ್ತೆಗೆ ಇಕ್ಕಾಕೆ ಒಂಚೂರು ಬೇಕಿತ್ತು' ಅಂದ್ಳು! ಮಕ್ಳಿಗೆ ಕೆಮ್ಮಿನ ಬೇರು ತಗೊಂಡು ಓಗ್ತಿದ್ದೋರು ಈಗ ರಸ್ತೆ ಆ ಕಡೇಲಿ ಓಗ್ತಾರೆ, ಮಗೂ ಮುಖದ ಮೇಲೆ ಬಟ್ಟೆ ಮುಚ್ಕೊಂಡು."

ನಮ್ಮ ಹಳ್ಳಿಗಳವರಿಗೆ ಬಿಡಿಸಿ ಹೇಳಬೇಕಿಲ್ಲ. ಬೇರೆ ಕಡೆಯವರಿಗಾಗಿ ಹೇಳುತ್ತೇನೆ. ಪುಸ್ತಕದ ಕನ್ನಡದಲ್ಲಿ ಮದ್ದು ಎಂದರೆ ಔಷಧವೇ. ಆದರೆ ನಮ್ಮ ಸೀಮೆಯ ಅಡಿಗೆಮನೆಯಲ್ಲಿ ಮದ್ದು ಎಂದರೆ ಆಗದವರು ಅನ್ನದಲ್ಲಿ ಕಲಸಿ ಇಕ್ಕುವ ಪದಾರ್ಥ. ಅದನ್ನು ತಿಂದವನು ಸೊರಗಿ ಸಾಯುತ್ತಾನೆ ಎಂಬ ಭಯ. ಹೊಲದಲ್ಲಾದರೆ ಮದ್ದು ಎಂದರೆ ಬಂಡೆ ಒಡೆಯುವ ಸಿಡಿಮದ್ದು. ಅವ್ವನಿಗೆ ತೆಲುಗಿನ ಮಂದು ಮಾತ್ರ ಗೊತ್ತು; ನನಗೆ ಐದು ವರ್ಷ ಊರಿನ ಮಾತು ಕಿವಿಗೆ ಬಿದ್ದಿರಲಿಲ್ಲ. ಇಬ್ಬರೂ ಸೇರಿ ವಿಷದ ಅಂಗಡಿಗೆ ಬೋರ್ಡು ಹಾಕಿದ್ದೆವು.

"ತಗೊಂಡೋಗಪ್ಪಾ" ಎಂದರು ಅವ್ವ. ಈಗ ದನಿಯಲ್ಲಿ ಕೋಪವಿರಲಿಲ್ಲ. "ಬೋರ್ಡಿಲ್ದಾಗ ನಾಲ್ಕು ಜನಾನಾದ್ರೂ ಬತ್ತಿದ್ರು."

ತೆಗೆದುಕೊಂಡು ಹೋಗಬಹುದಿತ್ತು. ಹೋಗಿದ್ದರೆ ಸಂಜೆಗೆ ಗಾಡಿಯೇ ಗತಿ. ಆದರೆ ನಾನು ಅಲ್ಲೇ ಕೂತದ್ದು ಅದಕ್ಕಲ್ಲ. ತಪ್ಪು ನಂಬರಿನ ಲಾರಿಯನ್ನು ಗೇಟು ದಾಟಿಸಬಾರದು ಎಂದು ನಮಗೆ ಕಲಿಸಿದ್ದರು. ಶುಂಠಿಯನ್ನು ಮೊರಕ್ಕೆ ತೆಗೆದು, ತಗಡನ್ನು ಒರೆಸಿ, ರಸ್ತೆಗೆ ಮುಖ ಮಾಡಿ ಜಗಲಿಯ ಮೇಲೆ ಒರಗಿಸಿ, 'ಮದ್ದಿನ' ಎಂಬ ಪದವನ್ನು ಚೂರಿಯಿಂದ ಕೆರೆಯತೊಡಗಿದೆ.

ಕೆರೆಯುವ ಸದ್ದಿಗೆ ಜನ ನಿಂತರು. ಮನೆಯೊಳಗೆ ಕೂತು ಬರೆದಷ್ಟು ದಿನ ಒಬ್ಬರೂ ತಿರುಗಿ ನೋಡಿರಲಿಲ್ಲ. ಈಗ ಕುರಿ ಹೊಡೆದುಕೊಂಡು ಹೋಗುತ್ತಿದ್ದವನು ಕುರಿ ಬಿಟ್ಟು ನಿಂತ. ಬಸ್ಸಿಗೆ ಕಾಯುತ್ತಿದ್ದವರು ರಸ್ತೆ ದಾಟಿ ಬಂದರು.

"ಯಾಕ್ಲಾ ಅಳಿಸ್ತೀಯಾ? ಪೊಲೀಸ್ನೋರು ಬಂದಿದ್ರಾ?"

"ಔಷಧಿ ಅಂತ ಬರೆಯೋಣ ಅಂತ" ಎಂದೆ.

"ಔಸ್ತಿ ಅಂದ್ರೆ ಆಸ್ಪತ್ರೇದು ಕಣಪ್ಪಾ. ಕೆಂಪು ನೀರು, ಸೂಜಿ. ಈವಮ್ಮ ಸೂಜಿ ಚುಚ್ತಾಳಾ?"

"ಮರುಂದುನ್ನು ಎಳ್ದುಪ್ಪಾ" ಎಂದು ತಮಿಳಿನಲ್ಲಿ ಒಬ್ಬ ಹೇಳಿದ, ಮರುಂದು ಅಂತ ಬರೆ ಎಂದು. "ನೀನೊಬ್ನಿಗೇ ಅರ್ಥ ಆಯ್ತದೆ, ನೀನೊಬ್ನೇ ಬಂದು ಕುಡ್ಕೊಂಡೋಗು" ಎಂದು ಇನ್ನೊಬ್ಬ. ನಗು. ಮೂರು ಭಾಷೆಯ ಮೂರು ಸಾಲು ಬರೆಯೋಣವೆಂದರೆ ತಗಡಿನಲ್ಲಿ ಜಾಗವಿಲ್ಲ, ಡಬ್ಬಿಯಲ್ಲಿ ಅಷ್ಟು ಬಣ್ಣವೂ ಇಲ್ಲ.

ಗುಂಪಿನಲ್ಲಿ ಜವಳಗಿರಿ ಕಡೆಯ ಒಬ್ಬ ರಾಗಿ ಬೆಳೆಯುವವನೂ ಅವನ ಹೆಂಡತಿಯೂ ಇದ್ದರು. ಹೆಂಡತಿಯ ಸೊಂಟದಲ್ಲಿ ಕೆಮ್ಮುವ ಮಗು. ಅವರೂ ಹಿಂದಿನ ದಿನಗಳಲ್ಲಿ ಬಂದು ಹಿಂದಿರುಗಿದವರೇ ಎಂದು ಅವ್ವ ಗುರುತಿಸಿದರು.

"ಬೋರ್ಡು ಓದಿ ಹೋದಿರಾ?" ಎಂದು ಕೇಳಿದೆ.

"ನಮ್ಗೆಲ್ಲಿ ಓದಾಕೆ ಬತ್ತದೆ ಸಾಮೀ" ಎಂದ ಗಂಡ. "ಯಾರೋ ಒಬ್ರು ಗಟ್ಟಿಯಾಗಿ ಓದುದ್ರು. ಮದ್ದಿನಂಗ್ಡಿ ಅಂದ್ರು. ಎದೆ ಜಲ್ ಅಂತು, ಬಂದ್ಬುಟ್ವಿ."

ನನ್ನ ಚೂರಿ ನಿಂತಿತು. ಸೈನ್ಯದಲ್ಲಿ ಬೋರ್ಡನ್ನು ಪ್ರತಿಯೊಬ್ಬನೂ ತಾನೇ ಓದಿಕೊಳ್ಳುತ್ತಾನೆ. ಇಲ್ಲಿ ಹಾಗಲ್ಲ. ಇಲ್ಲಿ ಒಬ್ಬ ಓದುತ್ತಾನೆ, ಗುಂಪು ಕೇಳುತ್ತದೆ. ನಾನು ಬರೆಯಬೇಕಾದದ್ದು ಕಣ್ಣಿಗಲ್ಲ, ಕಿವಿಗೆ. ಅಷ್ಟು ದಿನ ಅಕ್ಷರದ ದಪ್ಪ, ಸಾಲಿನ ನೇರ, ಅಂಚಿನ ಅಳತೆ ಎಂದು ಒದ್ದಾಡಿದ್ದೆನೇ ಹೊರತು, ಬಾಯಿಂದ ಬಿದ್ದಾಗ ಅದು ಹೇಗೆ ಕೇಳುತ್ತದೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

ಆ ಹೆಣ್ಣುಮಗಳ ಕಡೆ ತಿರುಗಿದೆ. "ಮಗುವಿಗೆ ಕೆಮ್ಮು ಬಂದರೆ ಮನೆಯಲ್ಲಿ ಏನು ಹೇಳಿ ಹೊರಡುತ್ತೀಯಮ್ಮಾ? ಎಲ್ಲಿಗೆ ಹೋಗ್ತೀನಿ ಅಂತ?"

ಅವಳು ನಾಚಿ ಗಂಡನ ಬೆನ್ನ ಹಿಂದೆ ಸರಿದಳು. ಅಲ್ಲಿಂದಲೇ, "ಬೇರಿನವ್ವನ ತಾವ ಓಯ್ತೀನಿ ಅಂತೀನಿ" ಎಂದಳು.

"ಬೇರು" ಎಂದೆ ನಾನು, ಗಟ್ಟಿಯಾಗಿ.

"ವೇರು" ಎಂದರು ಅವ್ವ, ತೆಲುಗಿನಲ್ಲಿ.

"ವೇರ್ದಾನ್!" ಎಂದ ಮರುಂದು ಬರೆಯಲು ಹೇಳಿದವನು. ತಮಿಳಿಗೂ ಅದೇ ಬೇರು. ಮೂರು ಮನೆಗಳಿಗೂ ಒಂದೇ ಬೇರು ಸಾಕಾಯಿತು.

ಅವ್ವ ಮಾತ್ರ ಸುಮ್ಮನೆ ಒಪ್ಪಲಿಲ್ಲ. "ನನ್ ಗಂಡ ಪಂಡಿತ ಕಣಯ್ಯಾ. ಊರೆಲ್ಲ ಕೈ ಮುಗೀತಿದ್ರು. ಬೇರಿನವ್ವ ಅಂದ್ರೆ ಸಂತೇಲಿ ಗೆಣಸು ಮಾರೋಳು ಅಂದ್ಕೊಂತಾರೆ" ಎಂದರು. ಆಗ ಆ ಹೆಣ್ಣುಮಗಳೇ ಮುಂದೆ ಬಂದು, "ಪಂಡಿತ್ರಿದ್ದಾಗ್ಲೂ ನಾವು ನಿನ್ನ ತಾವ್ಲೇ ಅಲ್ವೇನವ್ವಾ ಬತ್ತಿದ್ದಿದ್ದು. ಹಿತ್ಲಾಗೆ ಕುಟ್ತಾ ಇರ್ತಿದ್ದೆ, ಅಲ್ಲೇ ಇಸ್ಕೊಂಡು ಓಯ್ತಿದ್ವಿ" ಎಂದು ಮಗುವನ್ನು ಜಗಲಿಯ ಮೇಲೆ ಕೂರಿಸಿಬಿಟ್ಟಳು. ಅವ್ವ ಸೆರಗಿನಿಂದ ಮುಖ ಒರೆಸಿಕೊಂಡರು. "ಬರಿ, ಬರಿ" ಎಂದು ನನಗೆ ಹೇಳಿ, ಮಗುವಿನ ಎದೆಗೆ ಕಿವಿಯಿಟ್ಟರು.

ಹಳೆಯ ಬೋರ್ಡನ್ನು ಪೂರ್ತಿ ಅಳಿಸಿದೆ. ಹಳೆಯ ಬೋರ್ಡನ್ನು ಪೂರ್ತಿ ಅಳಿಸಿದೆ. ಈ ಸಲ ಸೈನ್ಯದ ನೆಟ್ಟಗಿನ ಅಕ್ಷರ ಬೇಡವೆನಿಸಿತು. ಅಕ್ಷರಗಳ ಹೊಟ್ಟೆ ಸ್ವಲ್ಪ ದುಂಡಗಾಯಿತು. 'ಬೇರಿನವ್ವನ ಅಂಗಡಿ'. ಮಗ್ಗುಲಲ್ಲಿ ಕೆಂಪು ಬಣ್ಣದಲ್ಲಿ, ಕವಲೊಡೆದ ಒಂದು ಬೇರಿನ ಚಿತ್ರ. ಕುಂಚ ಎತ್ತಿದ ಕೂಡಲೇ ಗುಂಪಿನಲ್ಲಿ ಅಕ್ಷರ ಬಲ್ಲವನೊಬ್ಬ ಗಟ್ಟಿಯಾಗಿ ಓದಿದ. ಅದನ್ನು ಕೇಳಿದವರು ತಲೆಯಾಡಿಸಿದರು. ಯಾರ ಎದೆಯೂ ಜಲ್ ಎನ್ನಲಿಲ್ಲ.

ಗುಂಪು ಚದುರಿತು. ಯಾರೂ ನನ್ನನ್ನು ಏನೂ ಕೇಳಲಿಲ್ಲ. ಹೊತ್ತು ನೆತ್ತಿ ದಾಟಿತ್ತು. ಸೀಮೆಎಣ್ಣೆಯ ಬಾಟಲಿ ತೆಗೆದು ಕುಂಚ ಅದ್ದುವಷ್ಟರಲ್ಲಿ ಹುಣಸೆಮರದ ಕೆಳಗಿಂದ ಒಬ್ಬ ಎದ್ದು ಬಂದ. ದಪ್ಪ ಮೀಸೆ, ಕೈಯಲ್ಲಿ ಗೋಣಿಚೀಲ. ಮೊದಲಿನಿಂದಲೂ ಬಸ್ಸಿಗೆ ಕಾಯುತ್ತ ಕೂತೇ ನೋಡುತ್ತಿದ್ದನಂತೆ.

"ಜೂಜುವಾಡೀಲಿ ನಂದೊಂದು ಗೋಲಿ ಸೋಡಾ ಅಂಗ್ಡಿ ಐತೆ" ಎಂದ. "ಗಡೀಲೇ. ಆ ಕಡೆ ಮೈಸೂರು ಸೀಮೆ, ಈ ಕಡೆ ನಮ್ದು. ಮೈಸೂರ್ನಿಂದ ಬರೋ ಗಾಡಿಯೋರು ಒಂದು ಮಾತು, ಸೇಲಂನಿಂದ ಬರೋರು ಇನ್ನೊಂದು. ಎಲ್ರಿಗೂ ಬಾಯಾರಿರ್ತದೆ, ಆದ್ರೆ ನಿಲ್ಲಾಕಿಲ್ಲ. ಎರಡು ಕಡೇಗೂ ಕಾಣಂಗೆ ನಂಗೊಂದು ಬರ್ಕೊಡಪ್ಪಾ."

ಮಾವ ಬೆಳಿಗ್ಗೆ ಹೇಳಿದ್ದ ಮಾತೇ, ಅಕ್ಷರ ತಪ್ಪದೆ.

"ಬರೆದು ತಪ್ಪಿದ್ದನ್ನು ನೋಡಿಯೂ ಕೇಳ್ತಾ ಇದ್ದೀರಲ್ಲ" ಎಂದೆ.

"ತಪ್ಪೋನು ಎಲ್ಲಾ ಕಡೆ ಸಿಕ್ತಾನೆ. ಬಂದು ಕೆರೆಯೋನು ಎಲ್ಲಿ ಸಿಕ್ತಾನೆ?"

"ಒಂದು ಉಪಕಾರ ಮಾಡಿ. ಗಾಡಿ ನಿಲ್ಲೋ ಜಾಗದಲ್ಲಿ ನಮ್ಮ ಮಾವ ಇದ್ದಾರೆ. ಇದೇ ಮಾತನ್ನು ಅವರ ಮುಂದೆ ಒಂದು ಸಲ..."

"ನಿಮ್ಮಾವನ್ನ ನಾನ್ಯಾಕಯ್ಯಾ ನೋಡ್ಲಿ? ನಾನೇನು ಹೆಣ್ಣು ಕೇಳಾಕೆ ಬಂದಿವ್ನಾ?"

ಅಷ್ಟರಲ್ಲಿ ಪೆಟ್ರೋಲಿನ ಅಭಾವದಿಂದ ಇದ್ದಲಿನ ಗ್ಯಾಸಿನಲ್ಲಿ ಓಡುತ್ತಿದ್ದ ಬಸ್ಸು ಹೊಗೆ ಕಾರುತ್ತ ಬಂದು ನಿಂತಿತು. ಅದನ್ನು ಬಿಟ್ಟರೆ ಅವನಿಗೆ ಮರುದಿನವೇ. ಓಡಿದವನು ಫುಟ್‌ಬೋರ್ಡಿನ ಮೇಲೆ ನಿಂತು ಚೀಲಕ್ಕೆ ಕೈಹಾಕಿ, ಒಂದು ಖಾಲಿ ಗೋಲಿ ಸೋಡಾ ಬಾಟಲಿಯನ್ನು ನನ್ನ ಕೈಗೆ ಕೊಟ್ಟ. "ಇದ್ನ ನೋಡ್ಕೊಂಡು ಚಿತ್ರ ಬರಿ. ನಾಳೆ ಬತ್ತಾ ಬಾಟ್ಲಿ ವಾಪಸ್ ತಾ, ಮರೀಬ್ಯಾಡ!"

ಬಾಟಲಿ ಹಿಡಿದುಕೊಂಡು ಗಾಡಿ ನಿಲ್ಲುವ ಜಾಗಕ್ಕೆ ಹೋದೆ. ಮಾವ ಆಗಲೇ ಎತ್ತುಗಳನ್ನು ನೊಗಕ್ಕೆ ಕಟ್ಟಿದ್ದರು. ನನ್ನ ಹೆಂಡತಿಯೂ ಬಂದು, ತನ್ನ ಗಂಟನ್ನು ಕಾಲ ಬಳಿ ಇಟ್ಟುಕೊಂಡು ನಿಂತಿದ್ದಳು. ಗಾಡಿಯ ಮೇಲೆ ಇಟ್ಟಿರಲಿಲ್ಲ.

ಸೋಡಾ ಅಂಗಡಿಯವನು ಕೇಳಿದ್ದನ್ನಷ್ಟೇ ಹೇಳಿದೆ. ಮಾವ ಬಾಟಲಿಯನ್ನು ಅಲ್ಲಾಡಿಸಿದರು. ಒಳಗಿನ ಗೋಲಿ ಗಲಗಲ ಎಂದಿತು.

"ಬಾಟ್ಲಿ ಯಾವನ್ ತಾವ ಬೇಕಾದ್ರೂ ಸಿಕ್ತದೆ ಕಣ್ಲಾ. ಇದೇನು ಮಾತಾಡ್ತದಾ?"

ಹೆಂಡತಿ ನೆಲ ನೋಡುತ್ತಿದ್ದಳು. ಮಾವ ಹಗ್ಗ ಬಿಗಿಯಲು ಬಗ್ಗಿದವರು ಮೊಣಕಾಲು ಹಿಡಿದುಕೊಂಡು "ಅಯ್ಯಪ್ಪಾ" ಎಂದು ಮರದ ದಿಮ್ಮಿಯ ಮೇಲೆ ಕೂತರು. ಒತ್ತಿಕೊಳ್ಳುತ್ತಲೇ ಕೇಳಿದರು:

"ಅದಿರ್ಲಿ, ಯಾರ್ಲಾ ಅದು ಬೇರಿನವ್ವ ಅಂದ್ರೆ? ನಮ್ಮೂರ್ ಕಡೆಯೋರು ಈಗ್ತಾನೆ ಮಗೂನ ಎತ್ಕೊಂಡು ಓಯ್ತಿದ್ರು. ಕೃಷ್ಣಗಿರಿ ರಸ್ತೇಲಿ ಬೇರಿನವ್ವನ ಅಂಗ್ಡಿ ಐತೆ, ಮಂಡಿ ನೋವ್ಗೂ ಕೊಡ್ತಾಳೆ, ಓಗು ಅಂತ ಎಲ್ರಿಗೂ ಏಳ್ತಾವ್ರೆ. ಇಷ್ಟು ವರ್ಸದಿಂದ ಸಂತೇಗೆ ಬತ್ತಾ ಇವ್ನಿ, ಅಂಥೋಳು ಇಲ್ಲವ್ಳೆ ಅಂತ ನಾನು ಕೇಳೇ ಇಲ್ಲ."

ಕೃಷ್ಣಗಿರಿ ರಸ್ತೆಯ ಬೋರ್ಡಿನ ವಿಷಯ ಹಿಂದಿನ ವಾರವೇ ಕೇಳಿದ್ದ ನನ್ನ ಹೆಂಡತಿ ತಲೆ ಎತ್ತಿದಳು. "ಅಪ್ಪಾ, ಆ ಅಂಗ್ಡಿ ಬೋರ್ಡು ಬಾವಂದೇ."

ಮಾವ ಮಗಳನ್ನು ನೋಡಿದರು, ನನ್ನ ಬೆರಳಿನ ಕೆಂಪು ಬಣ್ಣ ನೋಡಿದರು. ಮತ್ತೊಮ್ಮೆ ಬಾಟಲಿ ಅಲ್ಲಾಡಿಸಿ ನನ್ನ ಕೈಗೆ ಕೊಟ್ಟರು.

"ಬಿದಿರು ಕಾಯೋಕೆ ಬೇರೆ ಯಾವನಾನ ಸಿಕ್ತಾನೆ ಬಿಡು" ಎಂದರು. "ಪೆಟ್ಟಿಗೆ ಇಳಿಸ್ಕೋ. ನಂಗೆ ಎತ್ತಾಕಾಗಲ್ಲ, ಮಂಡಿ ನೋವು. ಗಾಡಿ ಒಂಚೂರು ಕೃಷ್ಣಗಿರಿ ರಸ್ತೆ ಕಡೆ ತಿರುಗಿಸ್ಕೊಂಡು ಓಯ್ತೀನಿ."

ಪೆಟ್ಟಿಗೆಯನ್ನು ನಾನು, ಹಾಸಿಗೆಯನ್ನು ಅವಳು ಹೊತ್ತು ಓಣಿಗೆ ಬರುವಾಗ ಹೊತ್ತು ಮುಳುಗುತ್ತಿತ್ತು. ಮನೆ ಮುಟ್ಟುವ ಮುಂಚೆ ಅವಳು, "ಸೋಡಾ ಅಂತ ಬರೆಯೋಕೆ ಮುಂಚೆ ಅಲ್ಲಿಯೋರು ಏನಂತಾರೆ ಕೇಳ್ಕೊಳ್ಳಿ ಬಾವಾ" ಎಂದಳು.

ಬಂದ ಕೂಡಲೇ ಕುಂಚ ತೊಳೆದೆ. ಕೂದಲನ್ನು ಬೆರಳಿನಲ್ಲಿ ನೇರ ಮಾಡಿ ಬಟ್ಟೆಯಲ್ಲಿ ಸುತ್ತಿ ಗೂಡಿನಲ್ಲಿಟ್ಟೆ. ಹಿಂದಿನ ವಾರ ಕುಂಚ ತೊಳೆದ ಸೀಮೆಎಣ್ಣೆ ಬೇರೊಂದು ಬಾಟಲಿಯಲ್ಲಿ ಅಲುಗದೆ ನಿಂತಿತ್ತು. ಬಣ್ಣವೆಲ್ಲ ಅಡಿಗೆ ಇಳಿದು ಮೇಲೆ ತಿಳಿಯಾಗಿತ್ತು. ಆ ತಿಳಿಯನ್ನು ಬಟ್ಟೆಯಲ್ಲಿ ಸೋಸಿ ಬುಡ್ಡಿಗೆ ಸುರಿದೆ. ಅವಳು ಬತ್ತಿ ಏರಿಸಿ ದೀಪ ಹಚ್ಚಿದಳು. ಅವತ್ತು ನಾವು ಬೆಳಕಿನಲ್ಲಿ ಊಟ ಮಾಡಿದೆವು.